ಮೂರು ಸಲ ಪಾಸಾದ ಭಾಗಮ್ಮ

ನಮ್ಮಕ್ಕ ಭಾಗಮ್ಮ ನಾಲ್ಕನೇ ಕ್ಲಾಸಿನಲ್ಲಿ ಮೂರು ವರ್ಷ ಕೂತಳು. ಜಾವಳಿ ಕಡೆಯ ಹಳಬರು ನನ್ನನ್ನು ಕಂಡರೆ ಈಗಲೂ, "ಮೂರು ಸಲ ಡುಮ್ಕಿ ಹೊಡೆದ್ಲಲ್ಲ, ಆ ಭಾಗಮ್ಮನ ತಂಗಿ ಅಲ್ವಾ ನೀನು?" ಎಂದು ಕೇಳುತ್ತಾರೆ. ಕೇಳಿದವರ ಬಾಯಿಗೆ ಮಣ್ಣು ಬೀಳಲಿ. ಅಕ್ಕ ಯಾರಿಗೂ ಎದುರು ಹೇಳಿದವಳಲ್ಲ. ಹೇಳುವ ಬಾಯಿ ನನಗಿದೆ, ನಾನು ಹೇಳುತ್ತೇನೆ.

ನಾವು ಸುಬ್ಬಣ್ಣನವರ ಎಸ್ಟೇಟಿನಲ್ಲಿ ಆಳುಗಳಿಗೆ ಸಾಲಾಗಿ ಕಟ್ಟಿದ ಲೈನ್ ಮನೆಯವರು. ಅಪ್ಪ ಮಾರಯ್ಯ ಲಾರಿಗೆ ಮೂಟೆ ಹೊರುತ್ತಿದ್ದ. ಅವ್ವ ಹುಚ್ಚಮ್ಮ ಕಾಫಿ ಹಣ್ಣು ಕುಯ್ಯುತ್ತಿದ್ದಳು, ಮಳೆಗಾಲದಲ್ಲಿ ಕಳೆ ತೆಗೆಯುತ್ತಿದ್ದಳು. ಅಕ್ಕ ನನಗಿಂತ ಐದು ವರ್ಷ ದೊಡ್ಡವಳು. ಆ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಹಿಂದಿನ ಒಂದು ತಗಡಿನ ಶೆಡ್ಡನ್ನು ಸುಬ್ಬಣ್ಣನವರು ಸ್ಕೂಲಿಗೆ ಬಿಟ್ಟುಕೊಟ್ಟಿದ್ದರು, ಮೈಸೂರು ಸರ್ಕಾರ ಅದಕ್ಕೆ ಗ್ರಾಂಟು ಕೊಡುತ್ತಿತ್ತು. ನಾಲ್ಕು ಕ್ಲಾಸಿಗೂ ಸೇರಿ ಒಬ್ಬರೇ ಮೇಷ್ಟ್ರು, ಪರಮೇಶ್ವರಪ್ಪ. ಹಣ್ಣು ಕುಯ್ಯುವ ಮೂರು ತಿಂಗಳು ಮಕ್ಕಳೆಲ್ಲ ಬುಟ್ಟಿ ಹಿಡಿದು ತೋಟಕ್ಕೆ ಹೋಗುತ್ತಿದ್ದೆವು. ಆಗ ಸ್ಕೂಲಿನಲ್ಲಿ ಮೇಷ್ಟ್ರು ಮತ್ತು ಒಂದು ನಾಯಿ ಮಾತ್ರ ಇರುತ್ತಿದ್ದರು.

ಮೇಷ್ಟ್ರು ಕೆಟ್ಟವರು ಎಂದು ಮೊದಲೇ ಹೇಳಿಬಿಟ್ಟರೆ ನನ್ನ ಕೆಲಸ ಹಗುರಾಗುತ್ತಿತ್ತು. ಆದರೆ ಅವರು ಯಾರ ಮೇಲೂ ಕೈ ಎತ್ತಿದವರಲ್ಲ. ತರೀಕೆರೆ ಕಡೆಯ ಬಯಲುಸೀಮೆಯವರು, ನಮ್ಮ ಮಳೆಗೆ ಹೆದರಿ ಜೂನ್ ತಿಂಗಳಿಡೀ ಕೆಮ್ಮುತ್ತಿದ್ದರು. ಅಕ್ಕನ ಕೈ ಹಿಡಿದು ಸ್ಲೇಟಿನ ಮೇಲೆ ತಿದ್ದಿಸಿದವರು ಅವರೇ. ಅವರ ಅಕ್ಷರ ಮುತ್ತು ಪೋಣಿಸಿದಂತೆ ಇರುತ್ತಿತ್ತು, ಅಕ್ಕನ ಅಕ್ಷರವೂ ಹಾಗೇ ಆಯಿತು. ಅವಳು ಓದಲು ನಿಂತರೆ ಪಲ್ಪರ್ ಮನೆಯ ಆಳುಗಳು ಕೆಲಸ ನಿಲ್ಲಿಸಿ ಕೇಳುತ್ತಿದ್ದರು. ಎಲ್ಲಿ ನಿಲ್ಲಬೇಕು, ಎಲ್ಲಿ ದನಿ ಏರಿಸಬೇಕು ಎಂಬುದು ಅವಳಿಗೆ ಯಾರೂ ಹೇಳಿಕೊಡದೆ ಗೊತ್ತಿತ್ತು.

ಚಿಕ್ಕಮಗಳೂರಿನ ಆಸೆ ಹಚ್ಚಿದವರೂ ಮೇಷ್ಟ್ರೇ. ಒಂದು ಸಂಜೆ ಅವರೇ ನಮ್ಮ ಲೈನಿನ ಮುಂದೆ ಬಂದು ನಿಂತು ಅಪ್ಪನಿಗೆ ಹೇಳಿದರು. "ಮಾರಯ್ಯ, ಅಲ್ಲಿ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿದೆ. ಎಸ್ಟೇಟ್ ಕಡೆ ಮಕ್ಕಳಿಗೆ ಅಂತ ಎರಡು ಫ್ರೀ ಸೀಟು ಇಟ್ಟಿದಾರೆ. ಊಟ, ವಸತಿ, ಪುಸ್ತಕ ಎಲ್ಲ ಅವರದ್ದೇ. ನಾಲ್ಕನೇ ಕ್ಲಾಸು ಪಾಸಾದ್ರೆ ಸಾಕು. ಅಲ್ಲಿ ನಾಲ್ಕು ವರ್ಷ ಓದಿ ಪರೀಕ್ಷೆ ಕಟ್ಟಿದ್ರೆ ನಿನ್ನ ಮಗಳು ನನ್ ಥರಾನೇ ಮೇಷ್ಟ್ರಾಗ್ತಾಳೆ."

ಅಪ್ಪ ನಕ್ಕ. "ನಮ್ಮ ಭಾಗಿ ಮೇಷ್ಟ್ರಾದ್ರೆ ನಾನು ಅವಳಿಗೆ ಕೈ ಮುಗೀಬೇಕಾಗ್ತದೆ, ಸ್ವಾಮಿ."

"ಮುಗಿದ್ರೆ ಏನು ನಷ್ಟ?" ಎಂದಳು ಅವ್ವ.

ಅಂದಿನಿಂದ ಅಕ್ಕನಿಗೆ ಅದೊಂದೇ ಧ್ಯಾನ. ಮೂಡಿಗೆರೆ ಅಂಗಡಿಯಿಂದ ಬೆಲ್ಲ ಕಟ್ಟಿ ಬಂದ ಕಾಗದವನ್ನು ಬಿಡಿಸಿ ಓದುತ್ತಿದ್ದಳು, ಗೊಬ್ಬರದ ಚೀಲದ ಮೇಲಿನ ಅಕ್ಷರವನ್ನೂ ಬಿಡುತ್ತಿರಲಿಲ್ಲ. ಓದಲು ಹೊಸದೇನೂ ಸಿಗದಿದ್ದರೆ ನನ್ನನ್ನು ಕೂರಿಸಿ ಕಲಿಸುತ್ತಿದ್ದಳು. ಸ್ಕೂಲಿಗೆ ಸೇರುವ ಮೊದಲೇ ನಾನು ಓದುತ್ತಿದ್ದೆ ಎಂದರೆ ಅದು ಅವಳಿಂದ.

ವರ್ಷಕ್ಕೊಮ್ಮೆ, ಕುಯ್ಲು ಮುಗಿದ ಮೇಲೆ, ಮಾರ್ಚ್ ತಿಂಗಳಲ್ಲಿ ಇನ್‌ಸ್ಪೆಕ್ಟರ್ ಬರುತ್ತಿದ್ದರು. ಹಿಂದಿನ ದಿನ ಲೈನಿನ ಹೆಂಗಸರು ನೆಲ ಸಾರಿಸಿ, ನಮಗೆಲ್ಲ ಸೀಗೆಪುಡಿ ಹಾಕಿ ತಲೆ ತಿಕ್ಕಿ, ಅಂಗಿ ಇಲ್ಲದವರಿಗೆ ಅಂಗಿ ಬೇಡಿ ತಂದು ತೊಡಿಸುತ್ತಿದ್ದರು. ೧೯೩೭ರಲ್ಲಿ ಅಕ್ಕ ನಾಲ್ಕನೇ ಕ್ಲಾಸಿನ ಪರೀಕ್ಷೆಗೆ ನಿಂತಳು. ಅವಳ ಜೊತೆಗಿದ್ದ ಮೂವರೂ ಒಂದು ಸಾಲು ಓದಲು ಬೆವರುತ್ತಿದ್ದವರು. ಅಕ್ಕ ಎರಡು ಪುಟ ಓದಿದಳು, ಲೆಕ್ಕ ಮಾಡಿದಳು, ಕಾವೇರಿ ಹುಟ್ಟುವ ಜಾಗ ಹೇಳಿದಳು. ಇನ್‌ಸ್ಪೆಕ್ಟರ್ "ಭೇಷ್" ಎಂದರು. ಅದನ್ನು ಕಿಟಕಿಯ ಹೊರಗಿಂದ ಕೇಳಿದ ಅವ್ವ ಆ ದಿನ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದಳು.

ಏಪ್ರಿಲ್‌ನಲ್ಲಿ ಮೇಷ್ಟ್ರು ಮುಖ ಸಪ್ಪೆ ಮಾಡಿಕೊಂಡು ಬಂದರು. "ಲೆಕ್ಕದಲ್ಲಿ ಹೋಯ್ತು ಕಣಮ್ಮ. ಬೇಜಾರು ಮಾಡ್ಕೋಬೇಡ. ಬರೋ ವರ್ಷ ನೋಡೋಣ." ಅಕ್ಕ ಅತ್ತಳು. ಮೇಷ್ಟ್ರ ಕಣ್ಣಲ್ಲೂ ನೀರಿತ್ತು. ಆ ನೀರನ್ನು ನಾನು ಇವತ್ತಿಗೂ ಮರೆತಿಲ್ಲ.

ಮರುವರ್ಷ ಭೂಗೋಳದಲ್ಲಿ ಹೋಯಿತು ಎಂದರು. ಮೂರನೇ ವರ್ಷ, ಒಟ್ಟು ಮಾರ್ಕು ಸಾಲಲಿಲ್ಲ ಎಂದರು. ಆ ಹೊತ್ತಿಗೆ ಅಕ್ಕನಿಗೂ ತಾನು ದಡ್ಡಿ ಎಂಬ ನಂಬಿಕೆ ಬಂದುಬಿಟ್ಟಿತ್ತು. "ಓದೋದು ಬರ್ತದೆ ಅಷ್ಟೇ ಕಣೆ, ಯಲ್ಲಿ. ತಲೆ ಇಲ್ಲ ನಂಗೆ" ಎಂದು ನನ್ನ ಹತ್ತಿರ ಹೇಳುತ್ತಿದ್ದಳು. ಮೇಷ್ಟ್ರ ಮಾತಿನ ಮೇಲೆ ಅನುಮಾನ ಪಡಬೇಕು ಎಂಬುದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ದೇವರ ಮೇಲಾದರೂ ಅವ್ವನಿಗೆ ಅನುಮಾನವಿತ್ತು, ಮೇಷ್ಟ್ರ ಮೇಲೆ ಇರಲಿಲ್ಲ.

ಎಸ್ಟೇಟಿನ ರೈಟರ್ ಒಬ್ಬ ಇದ್ದ, ಹಾಜರಿ ಬರೆಯುವವನು, ಎಲ್ಲದರಲ್ಲೂ ಮೂಗು ತೂರಿಸುವವನು. ಅಕ್ಕ ಅಳುವುದನ್ನು ಕಂಡು ಅವನೇ ಹೇಳಿದ. "ಅಳೋದ್ಯಾಕೆ ಮಾರಾಯ್ತಿ? ಸ್ಕೂಲು ಅಂದ್ರೆ ಇದೊಂದೇನಾ? ಪೇಟೇಲಿ ಹತ್ತು ಥರ ಸ್ಕೂಲಿದೆ. ಇಂಗ್ಲಿಷು ಕನ್ನಡ ಎರಡೂ ಕಲಿಸೋ ಎ.ವಿ. ಸ್ಕೂಲು, ಹೈಸ್ಕೂಲು, ಉರ್ದು ಸ್ಕೂಲು, ಕೈಕೆಲಸದ ಸ್ಕೂಲು, ಮುದುಕರಿಗೂ ಒಂದು ಸ್ಕೂಲು. ಫೇಲಾದವರಿಗೂ ಒಂದು ಇಟ್ಟೇ ಇರ್ತಾರೆ, ಹೋಗಿ ಕೇಳು."

ಅಕ್ಕ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮೇ ತಿಂಗಳಲ್ಲಿ, ಸಿಪ್ಪೆ ತೆಗೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯ ಕೊನೆಯ ಲಾರಿ ಚಿಕ್ಕಮಗಳೂರಿಗೆ ಹೊರಟಾಗ ಅಪ್ಪನ ಕಾಲು ಹಿಡಿದಳು. ನಾನೂ ಬರುತ್ತೇನೆಂದು ನೆಲದ ಮೇಲೆ ಉರುಳಾಡಿದೆ. ಮೂವರೂ ಮೂಟೆಗಳ ಮೇಲೆ ಕೂತು ಹೋದೆವು.

ಮೂಟೆ ಇಳಿಸಿದ ಮೇಲೆ ಅಪ್ಪ ತಲೆಗೆ ಟವೆಲ್ ಸುತ್ತಿ ನಮ್ಮನ್ನು ಕರೆದುಕೊಂಡು ಸ್ಕೂಲು ಹುಡುಕಲು ಹೊರಟ. ಮೊದಲು ಸಿಕ್ಕಿದ್ದು ಎ.ವಿ. ಸ್ಕೂಲು. ಜವಾನ, "ಇದು ಗಂಡುಮಕ್ಕಳದ್ದು" ಎಂದು ಬಾಗಿಲಲ್ಲೇ ತಡೆದ. ಕೈಕೆಲಸದ ಸ್ಕೂಲಿನಲ್ಲಿ ಹುಡುಗರು ಮರ ಕೊಯ್ಯುತ್ತಿದ್ದರು. ಅಲ್ಲಿನ ಮೇಷ್ಟ್ರು ನಕ್ಕು, "ಹೆಣ್ಣುಮಕ್ಕಳಿಗೆ ಇಲ್ಲಮ್ಮ" ಎಂದರು. ಉರ್ದು ಸ್ಕೂಲಿನ ಮುದುಕ ಮೇಷ್ಟ್ರು ಮಾತ್ರ ನಮಗೆ ನೀರು ಕೊಡಿಸಿ, "ನಿಮ್ಮ ಭಾಷೆ ಇಲ್ಲಿಲ್ಲ ಮಗಳೇ" ಎಂದು ಮಿಡ್ಲ್ ಸ್ಕೂಲಿನ ದಾರಿ ತೋರಿಸಿದರು. ನಮ್ಮ ಶೆಡ್ಡಿನಲ್ಲಿ ನಾಲ್ಕು ಕ್ಲಾಸು ಒಂದೇ ಚಾಪೆಯ ಮೇಲೆ ಕೂರುತ್ತಿತ್ತು. ಇಲ್ಲಿ ಒಂದೊಂದು ಥರದ ಮಕ್ಕಳಿಗೆ ಒಂದೊಂದು ಗೇಟು.

ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿಗೆ ರಜೆ. ಹೆಡ್‌ಮಿಸ್ಟ್ರೆಸ್ ಗಿರಿಜಾಂಬಾ ಒಬ್ಬರೇ ಆಫೀಸಿನಲ್ಲಿ ಕೂತು ಹೊಸ ವರ್ಷದ ಕಾಗದ ಜೋಡಿಸುತ್ತಿದ್ದರು. ಕಂಚಿನ ಕಂಠ, ಬಿಳಿ ಸೀರೆ. ಅಪ್ಪ ಹೊಸ್ತಿಲ ಹೊರಗೇ ನಿಂತ. ಅಕ್ಕನೇ ಮುಂದೆ ಹೋಗಿ ಕೈ ಮುಗಿದು, "ನಾಲ್ಕನೇ ಕ್ಲಾಸು ಮೂರು ಸಲ ಫೇಲಾದವರಿಗೆ ಯಾವ ಸ್ಕೂಲಿದೆ ಅಮ್ಮಾ?" ಎಂದು ಕೇಳಿದಳು.

"ಯಾವೂರು? ಹೆಸರೇನು?"

"ಭಾಗಮ್ಮ. ಜಾವಳಿ ಹತ್ರ, ಸುಬ್ಬಣ್ಣನವ್ರ ಎಸ್ಟೇಟು."

ಅವರು ತಲೆ ಎತ್ತಿ ನೋಡಿದರು. "ನೀನೇ ಏನು ಆ ಭಾಗಮ್ಮ? ಎರಡು ವರ್ಷ ನಿನಗೆ ಸೀಟು ಇಟ್ಟುಕೊಂಡು ಕಾದಿದೀನಿ. ಯಾರು ಹೇಳಿದ್ದು ನೀನು ಫೇಲು ಅಂತ?"

ನಮಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ತಾಲ್ಲೂಕಿನಲ್ಲಿ ನಾಲ್ಕನೇ ಕ್ಲಾಸು ಪಾಸಾದ ಹೆಣ್ಣುಮಕ್ಕಳ ಪಟ್ಟಿ ಪ್ರತಿ ವರ್ಷ ಅವರಿಗೆ ಬರುತ್ತದೆ. ಮೂರು ವರ್ಷದ ಪಟ್ಟಿಯಲ್ಲೂ ಅಕ್ಕನ ಹೆಸರಿತ್ತು, ಮೂರು ಸಲವೂ ಮೇಲಿನ ಸಾಲಿನಲ್ಲೇ. ಮೊದಲ ವರ್ಷ ಗಿರಿಜಾಂಬಾ ನಮ್ಮ ಮೇಷ್ಟ್ರಿಗೆ ಕಾಗದ ಬರೆದರು, ಉತ್ತರ ಬರಲಿಲ್ಲ. ಎರಡನೇ ವರ್ಷ ಮತ್ತೆ ಬರೆದರು, ಉತ್ತರ ಬಂತು. ಅದನ್ನು ಅವರು ಕಟ್ಟಿನಿಂದ ಎಳೆದು ಮೇಜಿನ ಮೇಲಿಟ್ಟರು.

ಅಕ್ಷರ ಯಾರದ್ದೆಂದು ಕೇಳಬೇಕಾಗಿರಲಿಲ್ಲ. ಬಾಗಿಲ ಹೊರಗಿಂದ ಅಪ್ಪ, "ಎಂಥ ಬರ್ದಾರೆ ಭಾಗಿ?" ಎಂದ. ಅಕ್ಕ ಅದನ್ನು ಎತ್ತಿಕೊಂಡು ಓದಿದಳು. ಇನ್‌ಸ್ಪೆಕ್ಟರ ಮುಂದೆ ಹೇಗೆ ಓದುತ್ತಿದ್ದಳೋ ಹಾಗೇ, ಒಂದು ಕಡೆಯೂ ತಡವರಿಸದೆ ಓದಿದಳು. "ಸದರಿ ಹುಡುಗಿಯ ತಂದೆ ತಾಯಿಗಳು ಕೂಲಿಯವರಾಗಿದ್ದು, ಹೆಣ್ಣುಮಗಳನ್ನು ಪರಸ್ಥಳಕ್ಕೆ ಕಳುಹಿಸಲು ಸುತರಾಂ ಒಪ್ಪುವುದಿಲ್ಲ. ಹುಡುಗಿಗೂ ಮುಂದೆ ಓದಲು ಇಷ್ಟವಿರುವುದಿಲ್ಲವಾದ್ದರಿಂದ ಸೀಟನ್ನು ಬೇರೆಯವರಿಗೆ ಕೊಡಬಹುದಾಗಿ ಬಿನ್ನಹ."

ಅಪ್ಪ ಹೊಸ್ತಿಲು ದಾಟಿ ಒಳಗೆ ಬಂದ. "ನಾ ಯಾವಾಗ ಅಂದೆ? ತಾಯೀ, ನಮ್ಮಪ್ಪನಾಣೆ, ನಾನು ಹಂಗೆ ಅಂದೋನಲ್ಲ. ನಾ ಯಾವಾಗ ಅಂದೆ?" ಇದನ್ನೇ ಮತ್ತೆ ಮತ್ತೆ ಕೇಳುತ್ತಿದ್ದ. ಉತ್ತರ ಕೊಡಬೇಕಾದವನು ಅಲ್ಲಿರಲಿಲ್ಲ.

ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎನ್ನುತ್ತಾರಲ್ಲ, ಹಾಗಾಯಿತು. ಗಿರಿಜಾಂಬಾ ಅಕ್ಕನನ್ನು ಕೂರಿಸಿ ವಯಸ್ಸು ಕೇಳಿದರು. ಅಪ್ಪನಿಗೆ ಗೊತ್ತಿರಲಿಲ್ಲ. ಪಟ್ಟಿಯಲ್ಲಿ ಹದಿನಾಲ್ಕು ಎಂದಿತ್ತು. ಅಕ್ಕ ಉದ್ದ ಇದ್ದಳು. ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಅವಳ ಎತ್ತರ ನೋಡಿ ಅಂದಾಜಿನಲ್ಲಿ ಒಂದು ವಯಸ್ಸು ಬರೆದುಕೊಂಡಿದ್ದರು, ನಮ್ಮವರು ಹೂಂ ಎಂದಿದ್ದರು. ಲೈನಿನ ಎಲ್ಲ ಮಕ್ಕಳ ವಯಸ್ಸೂ ಹಾಗೇ ಬರೆಸಿದ್ದು.

"ಫ್ರೀ ಸೀಟಿಗೆ ಹದಿಮೂರು ದಾಟಿರಬಾರದಮ್ಮ. ಹೋದ ವರ್ಷ ಬಂದಿದ್ರೂ ಸೇರಿಸ್ಕೋತಿದ್ದೆ" ಎಂದರು ಗಿರಿಜಾಂಬಾ. ಅವರ ಕಂಠ ಇಳಿದಿತ್ತು. ಅವಳಿಗೆಂದು ಬೇರೆ ಏನಾದರೂ ಇದೆಯೇ ಎಂದು ಅವರೇ ಹುಡುಕತೊಡಗಿದರು. ಹೆಂಗಸರ ಹೊಲಿಗೆ ಕ್ಲಾಸು ಇತ್ತು, ಆದರೆ ಉಳಿಯಲು ಜಾಗವಿಲ್ಲ, ಪೇಟೆಯಲ್ಲಿ ನಮಗೆ ಯಾರೂ ಇಲ್ಲ. ಟ್ರೈನಿಂಗ್ ಕ್ಲಾಸಿಗೆ ಮಿಡ್ಲ್ ಸ್ಕೂಲು ಆಗಿರಬೇಕು. ದೊಡ್ಡವರ ಸಂಜೆ ಸ್ಕೂಲಿತ್ತು, ಅಲ್ಲಿ ಅಕ್ಷರ ಬಾರದವರಿಗೆ ಅಕ್ಷರ ಹೇಳಿಕೊಡುತ್ತಾರೆ.

"ನಂಗೆ ಅಕ್ಷರ ಬರ್ತದಲ್ಲ ಅಮ್ಮಾ" ಎಂದಳು ಅಕ್ಕ.

"ಹೌದಮ್ಮ" ಎಂದು ಗಿರಿಜಾಂಬಾ ಪಟ್ಟಿಯನ್ನು ಮಡಚಿಟ್ಟರು. ಅಷ್ಟು ಥರದ ಸ್ಕೂಲುಗಳಿದ್ದ ಆ ಊರಿನಲ್ಲಿ, ಓದು ಬರುವ ಹದಿನಾಲ್ಕು ವರ್ಷದ ಕೂಲಿ ಹುಡುಗಿಗೆ ಒಂದೂ ಇರಲಿಲ್ಲ.

ಲಾರಿಯಲ್ಲಿ ವಾಪಸು ಬರುವಾಗ ಅಕ್ಕ ಅಳಲಿಲ್ಲ. ಮಾರನೇ ಬೆಳಿಗ್ಗೆ ನಾವೆಲ್ಲ ಮೇಷ್ಟ್ರ ಕೋಣೆಗೆ ಹೋದೆವು. ಅವ್ವ ಬಾಗಿಲಿನಿಂದಲೇ ಶುರು ಮಾಡಿದಳು. "ಏನ್ ಸ್ವಾಮಿ, ನಾವು ಒಪ್ಪಲ್ಲ ಅಂದ್ವಾ? ನಿಮ್ಮ ಕಿವೀಲಿ ಯಾರು ಬಂದು ಹೇಳಿದ್ರು? ನಂಬಿಸಿ ಕುತ್ತಿಗೆ ಕೊಯ್ದ್ರಲ್ಲ! ನಿಮ್ಮ ಕೆಮ್ಮಿಗೆ ಶುಂಠಿ ಕಷಾಯ ಕಾಸಿ ಕಳಿಸ್ತಿದ್ದೆನಲ್ಲ, ಅದರಲ್ಲಿ ವಿಷ ಇತ್ತಾ?"

ಮೇಷ್ಟ್ರು ಸುಳ್ಳು ಹೇಳಲಿಲ್ಲ. ಅಕ್ಕನ ಮುಖ ನೋಡದೆ, ಕೈಯಲ್ಲಿದ್ದ ಸೀಮೆಸುಣ್ಣ ನೋಡುತ್ತ ಮಾತಾಡಿದರು. "ನಾಲ್ಕನೇ ಕ್ಲಾಸಲ್ಲಿ ಒಬ್ಬರಾದ್ರೂ ಸರಾಗವಾಗಿ ಓದೋರು ಬೇಕು ಹುಚ್ಚಮ್ಮ. ಇಲ್ಲದಿದ್ರೆ ಇನ್‌ಸ್ಪೆಕ್ಟರ್ ಇದನ್ನ ಮೂರು ಕ್ಲಾಸಿನ ಸ್ಕೂಲು ಮಾಡ್ತಾರೆ. ಆಮೇಲೆ ಅದೂ ಹೋಗ್ತದೆ. ಇಲ್ಲಿ ಇವಳನ್ನು ಬಿಟ್ರೆ ಓದೋರು ಯಾರಿದ್ರು? ಒಂದು ವರ್ಷ ಅಂತ ಇಟ್ಟುಕೊಂಡೆ. ಅದು ಹಂಗೇ ಆಗೋಯ್ತು. ಎಲ್ಲ ಮಕ್ಕಳ ಒಳ್ಳೇದಕ್ಕೇ ಮಾಡಿದ್ದು."

"ನಾನೂ ಆ ಎಲ್ಲ ಮಕ್ಕಳಲ್ಲಿ ಒಬ್ಬಳಲ್ವಾ ಮೇಷ್ಟ್ರೇ?" ಎಂದಳು ಅಕ್ಕ.

ಬೇಲಿಯೇ ಎದ್ದು ಹೊಲ ಮೇಯ್ದರೆ ಬೆಳೆ ಯಾರಿಗೆ ದೂರು ಕೊಡಬೇಕು? ಸುಬ್ಬಣ್ಣನವರ ಹತ್ತಿರ ಹೋಗೋಣವೆಂದು ಅವ್ವ ಹಟ ಹಿಡಿದಳು. ಅಪ್ಪ ಹೋಗಿ ಅಂಗಳದಲ್ಲಿ ನಿಂತ. "ಆಗಿದ್ದು ಆಗೋಯ್ತು ಮಾರಯ್ಯ. ಸ್ಕೂಲು ಉಳೀತಲ್ಲ" ಎಂದು ಅವರು ಎಲೆಅಡಿಕೆ ಕೊಟ್ಟು ಕಳಿಸಿದರು. ಅಪ್ಪ ಆ ಎಲೆಯನ್ನು ದಾರಿಯಲ್ಲೇ ಎಸೆದು ಬಂದ. ಅವನ ಕೈಲಾದ ಪ್ರತಿಭಟನೆ ಅಷ್ಟೇ.

ಅಕ್ಕ ಬುಟ್ಟಿ ಹಿಡಿದು ಆಳಿನ ಸಾಲಿಗೆ ಸೇರಿದಳು. ಜೂನ್‌ನಲ್ಲಿ ಮೇಷ್ಟ್ರು ಮತ್ತೆ ನಮ್ಮ ಲೈನಿಗೆ ಬಂದರು. ನಾಚಿಕೆ ಎಂಬುದು ಇದ್ದಿದ್ದರೆ ಬರುತ್ತಿರಲಿಲ್ಲ. ನಾನು ಚೆನ್ನಾಗಿ ಓದುತ್ತೇನೆಂದು ಅವರಿಗೆ ಗೊತ್ತಿತ್ತು. ನನ್ನನ್ನು ನೇರ ನಾಲ್ಕನೇ ಕ್ಲಾಸಿಗೆ ಕೂರಿಸುತ್ತೇನೆ ಎಂದರು. ಅವ್ವ ಪೊರಕೆ ಎತ್ತಿಕೊಂಡಳು. ಅಕ್ಕ ತಡೆದು, "ಕಳಿಸ್ತೀವಿ ಮೇಷ್ಟ್ರೇ" ಎಂದಳು. ಅವಳಿಗೆ ತಲೆ ಕೆಟ್ಟಿದೆ ಎಂದುಕೊಂಡೆ.

ಅವರು ಹೋದ ಮೇಲೆ ಅಕ್ಕ ನನ್ನ ಎದುರು ಕೂತಳು. "ಯಲ್ಲಿ, ಚೆನ್ನಾಗಿ ಓದಿದ್ರೆ ಇಲ್ಲೇ ಕೊಳೀತೀಯ. ಪಾಸಾಗೋ ಅಷ್ಟು ಓದು, ಮೇಷ್ಟ್ರಿಗೆ ಬೇಕು ಅನ್ನಿಸೋ ಅಷ್ಟು ಓದಬೇಡ."

ಆ ವರ್ಷವಿಡೀ ಅಕ್ಕ ನನಗೆ ಕೆಟ್ಟದಾಗಿ ಓದುವುದನ್ನು ಕಲಿಸಿದಳು. ತೋಟದಿಂದ ಬಂದು, ಕೈ ತೊಳೆದು, ಪುಸ್ತಕ ಬಿಡಿಸಿ, "ಇಲ್ಲಿ ತಡವರಿಸು. ಇಲ್ಲಿ ಉಸಿರು ತಗೋ. ಇದನ್ನ ಎರಡು ಸಲ ಹೇಳು" ಎನ್ನುತ್ತಿದ್ದಳು. ನಾನು ಮರೆತು ಸರಾಗವಾಗಿ ಓದಿಬಿಟ್ಟರೆ ತೊಡೆಗೆ ಚಿವುಟುತ್ತಿದ್ದಳು. ತೀರಾ ಕೆಟ್ಟದಾಗಿ ಓದಿದರೂ ಚಿವುಟುತ್ತಿದ್ದಳು, ಫೇಲಾಗಿಬಿಟ್ಟರೆ ಎಂಬ ಭಯ. ಮೊದಮೊದಲು ನಮಗಿಬ್ಬರಿಗೂ ನಗು ತಡೆಯಲಾಗುತ್ತಿರಲಿಲ್ಲ. ಸ್ಕೂಲಿನಲ್ಲಿ ನಾನು ದಿನದಿನಕ್ಕೆ ಮಂಕಾದೆ. ಮೇಷ್ಟ್ರು ತಲೆ ಚಚ್ಚಿಕೊಂಡರು. "ನಿಮ್ಮಕ್ಕ ಎಲ್ಲಿ, ನೀನೆಲ್ಲಿ!" ಎನ್ನುತ್ತಿದ್ದರು. ನಾನು ಅದೇ ಸಾಲಿನಲ್ಲಿ ಮತ್ತೊಮ್ಮೆ ತಡವರಿಸುತ್ತಿದ್ದೆ.

ಮಾರ್ಚ್‌ನಲ್ಲಿ ಇನ್‌ಸ್ಪೆಕ್ಟರ ಮುಂದೆ ಅಕ್ಕ ಹೇಳಿದಲ್ಲೆಲ್ಲ ತಡವರಿಸಿದೆ. ಲೆಕ್ಕ ಸರಿಯಾಗಿ ಮಾಡಿದೆ. ‘ಪಾಸು, ಸಾಧಾರಣ’ ಎಂದು ಬರೆದುಕೊಂಡರು. ಸ್ಕೂಲಿನ ಪುಸ್ತಕದಲ್ಲಿ ‘ಓದುಗಾರಿಕೆ ಕಳಪೆ’ ಎಂದು ಬರೆದು ಹೋದರು. ರಿಸಲ್ಟು ಬಂದ ದಿನ ಅಕ್ಕ ಮೇಷ್ಟ್ರ ಬಾಗಿಲಿಗೆ ಹೋಗಿ ನಿಂತು, ಸರ್ಟಿಫಿಕೇಟು ಕೈಗೆ ಬರುವ ತನಕ ಕದಲಲಿಲ್ಲ. ಅವರಿಗೂ ನನ್ನನ್ನು ಇಟ್ಟುಕೊಂಡು ಆಗಬೇಕಾದ್ದೇನೂ ಇರಲಿಲ್ಲ, ಬರೆದುಕೊಟ್ಟರು. ಆ ಜೂನ್‌ನಲ್ಲಿ ಗಿರಿಜಾಂಬಾ ನನ್ನನ್ನು ಫ್ರೀ ಸೀಟಿಗೆ ಸೇರಿಸಿಕೊಂಡರು. ನನ್ನ ವಯಸ್ಸಿಗೆ ತಕರಾರು ಬರಲಿಲ್ಲ, ನಾನು ಗಿಡ್ಡ ಇದ್ದೆ.

ಮರುವರ್ಷ ಶೆಡ್ಡಿನ ಸ್ಕೂಲನ್ನು ಮೂರು ಕ್ಲಾಸಿಗೆ ಇಳಿಸಿದರು. ಮೇಷ್ಟ್ರು ಕಳಸದ ಕಡೆ ಎಲ್ಲೋ ಹೋದರು. ಅಕ್ಕ ನನಗೆ ಮಾಡಿದ ಪಾಠ ಅಕ್ಕಪಕ್ಕದ ಮನೆಗಳಿಗೆಲ್ಲ ಕೇಳಿಸಿತ್ತು. ಲೈನಿನವರು ಅವರನ್ನು ಬೈಯಲಿಲ್ಲ, ಅಕ್ಕನನ್ನು ಬೈದರು. "ಹೊಟ್ಟೆಕಿಚ್ಚಿಗೆ ನಮ್ಮ ಮಕ್ಕಳ ಸ್ಕೂಲು ಹಾಳು ಮಾಡಿದ್ಲು" ಎಂದರು. ಅದರಲ್ಲಿ ಸ್ವಲ್ಪ ನಿಜವಿದೆ, ನನಗೂ ಗೊತ್ತು. ಆದರೂ ಹೇಳಿದವರನ್ನು ನಾನು ಕ್ಷಮಿಸಿಲ್ಲ.

ಅಕ್ಕನನ್ನು ಬಾಳೂರು ಕಡೆಯ ಎಸ್ಟೇಟಿನ ಕೆಂಪಯ್ಯನಿಗೆ ಕೊಟ್ಟರು. ಒಳ್ಳೆಯವನು, ಅಕ್ಷರ ಬಾರದವನು. ೧೯೪೨ರ ಬೇಸಗೆ ರಜೆಯಲ್ಲಿ ನಾನು ಅವಳ ಮನೆಗೆ ಹೋದೆ. ಎರಡು ವರ್ಷ ಮಿಡ್ಲ್ ಸ್ಕೂಲಿನಲ್ಲಿ ಓದಿದ ಜಂಬ ನನ್ನ ಮೈಯಲ್ಲಿತ್ತು. ಅಕ್ಕ ಒಲೆ ಮುಂದೆ ಕೂತಿದ್ದಳು. "ಏನಾದ್ರೂ ಓದೇ, ಕೇಳಣ" ಎಂದಳು. ಕೆಂಪಯ್ಯ ಭಾವನೂ ಬಾಗಿಲ ಬಳಿ ಕೂತ. ನಾನು ಹೊಸ ಪುಸ್ತಕ ಬಿಡಿಸಿ ನನ್ನ ಒಳ್ಳೆಯ ದನಿಯಲ್ಲಿ, ತಡವರಿಸದೆ, ಒಂದು ಇಡೀ ಪಾಠ ಓದಿದೆ. ಭಾವ ಬಾಯಿ ಬಿಟ್ಟುಕೊಂಡು ಕೇಳಿದ.

"ಚೆನ್ನಾಗಿ ಓದ್ತೀಯ" ಎಂದಳು ಅಕ್ಕ. ಸೌದೆ ಮುಂದಕ್ಕೆ ತಳ್ಳಿದಳು. "ನಾನು ಇದಕ್ಕಿಂತ ಚೆನ್ನಾಗಿ ಓದ್ತಿದ್ದೆ, ಅಲ್ವೇನೆ?"

"ಹೌದಕ್ಕ. ಎಷ್ಟೋ ಚೆನ್ನಾಗಿ ಓದ್ತಿದ್ದೆ."

"ಮತ್ತೆ ನಿಂಗ್ಯಾಕೆ ಸಿಕ್ತು?"

ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. ನನ್ನನ್ನು ಕಳಿಸಿದವಳೇ ಅವಳು. ಆದರೂ ಕೇಳಿದಳು, ನನ್ನ ಮುಖ ನೋಡಿಯೇ ಕೇಳಿದಳು. ನಾನು ಪುಸ್ತಕವನ್ನು ಅವಳ ಕಡೆ ಚಾಚಿ, "ನೀನು ಓದಕ್ಕ" ಎಂದೆ. ಅವಳು ಮುಟ್ಟಲಿಲ್ಲ. ಮಸಿ ಕೈ ಎಂದು ಸೆರಗಿಗೆ ಒರೆಸಿಕೊಂಡು, ಭಾವನಿಗೆ ತಟ್ಟೆ ಹಾಕಲು ಎದ್ದಳು.